ಘೇಂಡಾಮೃಗದ ಕೆನ್ನೆ

ಘೇಂಡಾಮೃಗದ ಕೆನ್ನೆಯ ಮೇಲೆ ಇವತ್ತೂ ಹೆಬ್ಬೆರಳಿನ ಗುರುತು!

ಡ್ರಾಯಿಂಗ್ ಟೀಚರ್ ಹೆಗಲ ಚೀಲವನ್ನು ಗ್ಯಾರೇಜಿನ ನೆಲಕ್ಕೆ ದೊಪ್ಪೆಂದು ಹಾಕಿದಳು. ನಿನ್ನೆ ಸಂಜೆ ಆ ಫೈಬರ್ ಗೊಂಬೆಯ ಕೆನ್ನೆಗೆ ಅಷ್ಟು ಮುದ್ದಾಗಿ ಬರೆದಿದ್ದ ಹಳದಿ ಬಸ್ಸಿನ ಡ್ರೈವರ್ ಮುಖ ಕಲಸಿದ ಹಿಟ್ಟಿನಂತಾಗಿತ್ತು.

"ರೀ ಪೇಂಟರ್! ಬನ್ನಿ ಇಲ್ಲಿ!"

ಕಾರುಗಳಿಗೆ ಬಣ್ಣ ಹೊಡೆಯುವವನು ಸ್ಪ್ರೇ ಗನ್ ಕೆಳಗಿಟ್ಟು, ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು ಬಂದ. ಕೂಡಿದ ಹುಬ್ಬಿಗೆ ಬೂದು ಬಣ್ಣ ಮೆತ್ತಿತ್ತು. ಅದನ್ನು ಒರೆಸಬೇಕೆನಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

"ಒಣಗಿದೆಯಾ ಅಂತ ನೋಡಿದೆ ಟೀಚರ್. ಒಣಗಿಲ್ಲ."

"ನೀವು ಒತ್ತಿದ್ರೆ ನಾನು ತಿದ್ದಬೇಕು. ತಿದ್ದಿದ್ರೆ ಅದು ಮತ್ತೆ ಹಸಿ. ಹಸಿ ಇದೆಯಾ ಅಂತ ನೀವು ಮತ್ತೆ ಒತ್ತುತ್ತೀರಿ. ಇದು ಯಾವ ಜನ್ಮಕ್ಕೆ ಮುಗಿಯುತ್ತೆ?"

"ಹಸಿ ಬಣ್ಣದ ಮೇಲೆ ಕೋಟಿಂಗ್ ಹೊಡೆದ್ರೆ ಸುಕ್ಕುಗಟ್ಟುತ್ತೆ. ಆಮೇಲೆ ನನ್ನನ್ನೇ ಬೈತೀರಿ."

"ಈಗೇನು ಬಿಟ್ಟಿದ್ದೀನಾ?"

ಅವನು ನಕ್ಕ. ಬೈಸಿಕೊಂಡು ನಗುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. ಈ ನಗುವಂತೂ ಎಡಗೆನ್ನೆಯಲ್ಲಿ ಒಂದು ಗುಳಿಯನ್ನು ಬೇರೆ ತೋಡಿಕೊಂಡು ಬರುತ್ತಿತ್ತು.

ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಹಣ ಕೂಡಿಸಲು ಊರಿನವರು ಫೈಬರಿನ ಘೇಂಡಾಮೃಗಗಳನ್ನು ಮಾಡಿಸಿ, ಚಿತ್ರ ಬರೆಯಬಲ್ಲವರಿಗೆಲ್ಲ ಹಂಚಿದ್ದರು. ಚೌಕದಲ್ಲಿ ಸಾಲಾಗಿ ನಿಲ್ಲಿಸಿ, ಆಮೇಲೆ ಹರಾಜು. ಬಿಸಿಲು ಮಳೆಗೆ ಬಣ್ಣ ಕೆಡದಂತೆ ಕೊನೆಯ ಹೊಳಪಿನ ಕೋಟಿಂಗ್ ಹೊಡೆಯುವುದು ಈ ಪೇಂಟರ್ ಒಪ್ಪಿಕೊಂಡ ಸೇವೆ. ಉಳಿದವೆಲ್ಲ ಮಿರಮಿರ ಮಿಂಚುತ್ತಾ ಹೊರಟುಹೋಗಿದ್ದವು, ಅವಳದೊಂದೇ ಬಾಕಿ. ವಾರ್ಡಿನ ಮಕ್ಕಳನ್ನೇ ಕೇಳಿ ಕೇಳಿ ಬರೆದದ್ದು ಅದು: ಬೆನ್ನಿಗೆ ಮೀನು, ಪಕ್ಕೆಗೆ ಛತ್ರಿ, ಕೆನ್ನೆಗೆ ಬಸ್ಸು. ನಾಳೆ ಬೆಳಿಗ್ಗೆ ಲಾರಿ ಬರುತ್ತದೆ. ಕಿಟಕಿಯಿಂದ ಚೌಕ ನೋಡುವ ಆ ಮಕ್ಕಳಿಗೆ ತಮ್ಮ ಬಸ್ಸು ಕಾಣದಿದ್ದರೆ ಅವಳು ಯಾವ ಮುಖ ಹೊತ್ತು ವಾರ್ಡಿಗೆ ಹೋಗಬೇಕು?

ಹಲ್ಲು ಕಚ್ಚಿ ಬ್ರಷ್ ಹಿಡಿದಳು. ಡ್ರೈವರನಿಗೆ ಮತ್ತೆ ಹೊಸ ಕಣ್ಣು, ಹೊಸ ಮೂಗು.

ಬರೆದು ಮುಗಿಸಿ ಕತ್ತೆತ್ತಿದಾಗ ಅವನು ಆಚೆ ಒಂದು ಕೆಂಪು ಕಾರಿನ ಹತ್ತಿರ ನಿಂತಿದ್ದ. ಬಾಗಿಲು ತೆರೆದು, ಯಾರ ಕಣ್ಣಿಗೂ ಬೀಳದ ಒಳಂಚಿಗೆ ಬೆರಳ ತುದಿ ಸೋಕಿಸಿ ನೋಡಿದ. ಹಸಿಯಿತ್ತೇನೋ, ಗಾಲಿಯಿದ್ದ ದೊಡ್ಡ ದೀಪವೊಂದನ್ನು ಎಳೆದು ತಂದು ಹಚ್ಚಿದ. ಸ್ವಲ್ಪ ಹೊತ್ತಿಗೆ ಆರಿಸಿ, ಮತ್ತೆ ಸೋಕಿಸಿ, ಸರಿಯಾಯಿತೆಂದು ತಲೆಯಾಡಿಸಿದ.

ಅವಳು ಬ್ರಷ್ ಹಿಡಿದೇ ಎದ್ದು ಹೋದಳು.

"ಅದೇನದು ದೀಪ?"

"ಬಣ್ಣ ಬೇಗ ಒಣಗ್ಸೋಕೆ," ಅಂದವನು ನಾಲಿಗೆ ಕಚ್ಚಿಕೊಂಡ.

"ಓಹೋ! ಕಾರಿಗಾದ್ರೆ ದೀಪ, ಮೂಲೇಲಿ ಬೆರಳು. ನನ್ನ ಘೇಂಡಾಮೃಗಕ್ಕೆ ಹೊಟ್ಟೆ ಕೆಳಗೆ ಅಷ್ಟು ಜಾಗ ಇದ್ರೂ ನಡುಮುಖಕ್ಕೇ ಹೆಬ್ಬೆಟ್ಟು! ದಿನಾ ಹೆಡ್‌ಮಿಸ್ ಹತ್ರ ಗೋಗರೆದು ಬೇಗ ಬರ್ತಿದ್ದೀನ್ರೀ ನಾನು. ನಿಮಗೆ ಆಟನಾ ಇದು?"

ಅವನ ಕೆನ್ನೆಯ ಗುಳಿ ಮಾಯವಾಯಿತು.

"ಕೋಟಿಂಗ್ ಆಗ್ಬಿಟ್ರೆ ನೀವು ಇನ್ಮೇಲೆ ಬರಲ್ವಲ್ಲ, ಟೀಚರ್."

ಅವಳು ಬ್ರಷ್ಷಿನ ತುದಿಯನ್ನು ಅವನ ಎದೆಗೆ ಗುರಿಯಿಟ್ಟಳು.

"ಅದನ್ನ ಬಾಯಿಬಿಟ್ಟು ಹೇಳೋಕೇನಾಗಿತ್ತು?"

"ಹೇಳೋಣ ಅಂತಾನೇ ಹತ್ರ ಬರ್ತಿದ್ದೆ. ಅಷ್ಟರಲ್ಲಿ ನೀವು ಬೈಯೋಕೆ ಶುರು ಮಾಡ್ತಿದ್ರಿ. ಕೇಳ್ತಾ ನಿಂತುಬಿಡ್ತಿದ್ದೆ."

"ಘೇಂಡಾಮೃಗ ಅದಲ್ಲ, ನೀವು!"

ಗ್ಯಾರೇಜಿನ ಬಿಲ್ಲು ಬರೆಯುವ ಅವನ ಅಕ್ಕ ಗಲಾಟೆ ಕೇಳಿ ಹೊರಗೆ ಬಂದಳು. ಬಸ್ಸಿನ ಮುಂದೆ ಬಗ್ಗಿ ನೋಡಿ ಕಿಸಕ್ಕನೆ ನಕ್ಕಳು.

"ಅಲ್ವೋ ತಮ್ಮಾ, ನಿನಗೆ ಬಸ್ಸು ಓಡ್ಸೋಕೆ ಬರುತ್ತೆ ಅಂತ ಟೀಚರಿಗೆ ಯಾರು ಹೇಳಿದ್ದು?"

ಟೀಚರ್ ತಿರುಗಿ ನೋಡಿದಳು. ಮೊದಲ ದಿನ ಡ್ರೈವರನಿಗೆ ಮೀಸೆಯೇ ಇರಲಿಲ್ಲ. ಈಗ ದಪ್ಪ ಮೀಸೆ, ಕೂಡಿದ ಹುಬ್ಬು, ಎಡಗೆನ್ನೆಯಲ್ಲಿ ಗುಳಿ. ದಿನವೂ ಸಿಟ್ಟಿನಲ್ಲಿ ತಿದ್ದಿದ ಕೈ ಅವಳನ್ನು ಒಂದು ಮಾತೂ ಕೇಳದೆ ಇಷ್ಟೆಲ್ಲ ಮಾಡಿಟ್ಟಿತ್ತು. ಅವಳ ಮುಖ ಕಿವಿಯವರೆಗೆ ಕೆಂಪೇರಿತು.

"ಅಳಿಸಿ ಬೇರೆ ಬರೀತೀರಾ?" ಅವನು ಮೆಲ್ಲಗೆ ಕೇಳಿದ. ನಗು ಮತ್ತೆ ತುಟಿಯಂಚಿಗೆ ಬಂದಿತ್ತು.

"ಟೈಮ್ ಎಲ್ಲಿದೆ? ಮೊದಲು ಆ ದೀಪ ಎಳ್ಕೊಂಡು ಬನ್ನಿ!"

ಇಳಿಹೊತ್ತಿಗೆ ಕೋಟಿಂಗ್ ಮುಗಿಯಿತು. ಮೀನು, ಛತ್ರಿ, ಬಸ್ಸು ಎಲ್ಲವೂ ಈಗಷ್ಟೇ ತೊಳೆದಿಟ್ಟಂತೆ ಹೊಳೆಯುತ್ತಿದ್ದವು. ಅಕ್ಕ ಮನೆಗೆ ಹೋಗಿದ್ದಳು. ಅವನು ಗ್ಲೌಸ್ ಬಿಚ್ಚುತ್ತಾ ನೆಲ ನೋಡಿಕೊಂಡು ಹೇಳಿದ:

"ಬೆಳಿಗ್ಗೆ ನಾನೇ ಲಾರಿಗೆ ಹತ್ತಿಸ್ತೀನಿ. ನೀವಿನ್ನು ಹೊರಡಬಹುದು, ಟೀಚರ್."

"ಹೋಗು ಅನ್ನೋಕೆ ಮಾತ್ರ ಬಾಯಿ ಎಷ್ಟು ಚೆನ್ನಾಗಿ ಬರುತ್ತೆ ನೋಡಿ!"

ಅವನು ತಲೆಯೆತ್ತಿದ. ಅವಳು ಸೊಂಟದ ಮೇಲೆ ಕೈಯಿಟ್ಟು ಕಾದಳು.

"ಹೋಗ್ಬೇಡಿ," ಅಂದ.

"ಅಬ್ಬಬ್ಬಾ! ಈ ಒಂದು ಮಾತಿಗೆ ನನ್ನ ಡ್ರೈವರ್ ಎಷ್ಟು ಸಲ ಮುಖ ಕಳ್ಕೋಬೇಕಾಯ್ತು!" ಎಂದು ಬೈಯುತ್ತಲೇ ಅವಳು ಸ್ಟೂಲ್ ಎಳೆದುಕೊಂಡು ಅವನ ಪಕ್ಕದಲ್ಲಿ ಕೂತಳು.