ಕರಿಗಟ್ಟಿ ಕೆರೆಯ ನೀಲಿ

ಮುದಕಪ್ಪಗೌಡರ ಜೋಡೆತ್ತು ಕೆರೆಯ ಮೂಡಣ ದಂಡೆಯಲ್ಲಿ ಬಿದ್ದಾಗ ಹೊತ್ತು ಇನ್ನೂ ಮಾರುದ್ದ ಏರಿರಲಿಲ್ಲ. ನೀರು ಕುಡಿದು ಮೇಲೆ ಹತ್ತಿದ ಎತ್ತುಗಳು ನೂರು ಹೆಜ್ಜೆ ಕೂಡ ನಡೆಯಲಿಲ್ಲ. ಕಾಲು ನಡುಗಿದವು, ಕುತ್ತಿಗೆ ಹಿಂದಕ್ಕೆ ಸೆಟೆಯಿತು, ಕಣ್ಣು ಮೇಲಾದವು. ಹಿಂದೆ ಬಂದ ಹಾಲೆಮ್ಮೆಯೂ ಅವುಗಳ ಪಕ್ಕದಲ್ಲೇ ಉರುಳಿತು. ಮೂರರ ಮೂತಿಗೂ ನೀಲಿ ಹತ್ತಿತ್ತು. ದಂಡೆಯ ಕಲ್ಲಿನ ಮೇಲೂ ಅದೇ ನೀಲಿ, ಯಾರೋ ಕೊಡಗಟ್ಟಲೆ ಬಣ್ಣ ಸುರುವಿದಂತೆ.

ಕರಿಗಟ್ಟಿಯಲ್ಲಿ ನೀಲಿ ಬಣ್ಣ ಅಂದರೆ ಒಬ್ಬನೇ ಮನುಷ್ಯ. ನೂಲಿಗೆ ಬಣ್ಣ ಹಾಕಿ ಬೆಟಗೇರಿಯ ನೇಕಾರರಿಗೆ ಒಯ್ದು ಕೊಡುವ ಮರ್ದಾನಸಾಬ. ಮೊಳಕೈವರೆಗೆ ಹತ್ತಿದ ಆ ನೀಲಿ ಅವನನ್ನು ಯಾವ ಹಬ್ಬದ ದಿನವೂ ಬಿಟ್ಟಿದ್ದಿಲ್ಲ. ಅವನು ನೂಲು ಜಾಲಿಸುವ ಕಲ್ಲು ಕೆರೆಯ ಪಡುವಣ ದಂಡೆಯಲ್ಲಿತ್ತು. ಗಾಳಿ ಬೀಸುವುದು ಪಡುವಣದಿಂದ ಮೂಡಣಕ್ಕೆ. ಊರು ಕೂಡಿಸಿ ಕಳೆದು ಲೆಕ್ಕ ಮುಗಿಸಿಬಿಟ್ಟಿತು.

ಅದು ಎಂಬತ್ತಮೂರನೆಯ ಇಸವಿ. ಮಹಾನವಮಿಗೆ ಹದಿನೈದು ದಿನ ಉಳಿದಿತ್ತು. ಆ ಬುಧವಾರ ಮರ್ದಾನಸಾಬನ ಹೆಂಡತಿ ಜನ್ನತಬಿ, ಕೈಯಲ್ಲಿದ್ದ ಹೊಲಿಗೆಯನ್ನೂ ಕೆಳಗಿಡದೆ, ಪಕ್ಕದ ಮನೆಯ ಅನ್ನಪೂರ್ಣವ್ವನ ಬಾಗಿಲಿಗೆ ಓಡಿದಳು. ಹೊಲಿಗೆ ಎಂದರೆ ಗೊಬ್ಬರದ ಖಾಲಿ ಚೀಲಗಳನ್ನು ಬಿಚ್ಚಿ ಕೂಡಿಸಿದ ದೊಡ್ಡ ಹಾಸು. ಸರಕಾರಿ ಗೊಬ್ಬರ ಊರಿಗೆ ಬಂದಂದಿನಿಂದ ಒಂದು ಚೀಲವನ್ನೂ ಯಾರೂ ಬಿಸಾಡಿರಲಿಲ್ಲ. ಒಕ್ಕಣೆ ಮಾಡಲು ಹಾಸು, ಮಳೆಗೆ ಮರೆ, ಮಕ್ಕಳಿಗೆ ಪಾಟಿಚೀಲ, ಎಲ್ಲವೂ ಜನ್ನತಬಿಯ ಸೂಜಿಯಲ್ಲೇ ಹುಟ್ಟುತ್ತಿದ್ದವು.

ಅನ್ನಪೂರ್ಣವ್ವ ಒಂದು ಕಾಲಕ್ಕೆ ದನದ ದವಾಖಾನೆಯೊಂದರಲ್ಲಿ ಇಪ್ಪತ್ತು ವರ್ಷ ಬಾಟಲಿ ತೊಳೆದವಳು. ಬಾಟಲಿ ತೊಳೆಯುತ್ತ ಡಾಕ್ಟರರ ಮಾತು ಕೇಳಿದಳು, ಕೇಳುತ್ತ ನೋಡುವುದನ್ನು ಕಲಿತಳು. ಊರಿಗೆ ಮರಳಿದ ಮೇಲೆ ಕಳುವಾದ ಬುಗುಡಿ, ಅದಲುಬದಲಾದ ಕರು, ಯಾರು ಬರೆದರೆಂದು ತಿಳಿಯದ ಕಾಗದ, ಎಲ್ಲದರ ಬೇರು ಹಿಡಿದು ತೋರಿಸಿದ್ದಳು. ಆಗೆಲ್ಲ ಜೊತೆಗೆ ನಡೆದವಳು ಜನ್ನತಬಿಯೇ.

"ಅಕ್ಕಾರ, ಐತವಾರದೊಳಗ ಊರು ಬಿಡ್ರಿ ಅಂದಾರ. ಇಲ್ಲಾಂದ್ರ ಬಣ್ಣದ ಹಂಡೆ ಒಡದು ಪೋಲೀಸರ ಕೈಯಾಗ ಕೊಡತಾರಂತ."

"ಕುಂಡ್ರ ಬೇ ಮೊದಲ. ನಿನ್ನ ಗಂಡ ಮಾಡ್ಯಾನೇನು?"

"ಇರವಿ ತುಳದ್ರ ತೋಬಾ ಅನ್ನೋ ಮನಶಾರಿ ಅದು!"

"ಅದು ಹೆಂಡ್ತಿ ಮಾತಾತು. ಕೆರಿ ಏನಂತೈತಿ ಕೇಳೂಣು, ನಡಿ."

ಮೊದಲು ಪಡುವಣ ದಂಡೆಗೆ ಹೋದರು. ಮರ್ದಾನಸಾಬನ ಕಲ್ಲಿನ ಸುತ್ತ ನೀರು ತಿಳಿಯಾಗಿತ್ತು. ಅವನ ಎರಡು ಆಡು ಕಲ್ಲಿನ ಬುಡದಲ್ಲೇ ಬಾಯಿ ಹಚ್ಚಿ ಕುಡಿಯುತ್ತಿದ್ದವು. ಅನ್ನಪೂರ್ಣವ್ವ ಅವುಗಳನ್ನೇ ಬಹಳ ಹೊತ್ತು ನೋಡಿದಳು. ಪಕ್ಕದಲ್ಲಿ ಹನಮಂತವ್ವ ಗೊಬ್ಬರದ ಚೀಲ ಒಗೆಯುತ್ತ ಕೂತಿದ್ದಳು.

"ಏನ್ ಬೇ ಅನ್ನಪೂರ್ಣಿ, ಎತ್ತಿನ ಸಾಕ್ಷಿ ಬರಕೊಳ್ಳಾಕ ಬಂದಿಯೇನು?"

"ಮನಶಾರಂಗ ಎತ್ತು ಸುಳ್ಳು ಹೇಳೂದಿಲ್ಲ, ಅದಕ್ಕ. ಎಷ್ಟು ಚೀಲ ಇವು?"

"ಹನ್ನೆರಡು. ತಳದಾಗಿನ ಗೊಬ್ಬರ ಹೋಗಬೇಕಾದ್ರ ಮೂರು ಸಲ ಅದ್ದಬೇಕು ನೋಡು. ಜನ್ನತಬಿ ಹೊಲಿದ್ರ ಹತ್ತು ವರ್ಷ ಅಲಗೂದಿಲ್ಲ."

ಅಂಥ ಹೊತ್ತಿನಲ್ಲೂ ಜನ್ನತಬಿಗೆ ಒಳಗೊಳಗೆ ಹಿಗ್ಗಾಯಿತು.

ಮೂಡಣ ದಂಡೆಯಲ್ಲಿ ನೀರು ಕಾಣುತ್ತಿರಲಿಲ್ಲ. ಹಾಲಿನ ಮೇಲೆ ಕೆನೆ ಕಟ್ಟಿದಂತೆ ಹಸಿರು ಪದರ, ಅಂಚಿನಲ್ಲಿ ಒಣಗಿದ ಕಡೆ ನೀಲಿ. ಕೊಳೆತ ಹುಲ್ಲಿನ ವಾಸನೆ. ಅನ್ನಪೂರ್ಣವ್ವ ಕಡ್ಡಿಯಿಂದ ಪದರ ಸರಿಸಿ ನೀರನ್ನು ಉಪ್ಪಿನಕಾಯಿಯ ಗಾಜಿನ ಭರಣಿಗೆ ತುಂಬಿದಳು, ಇನ್ನಷ್ಟನ್ನು ಒಂದು ಸೀಸೆಗೆ. ಬಿಳಿ ಅರಿವೆಯ ತುಂಡನ್ನು ದಂಡೆಯ ನೀಲಿಗೆ ಒತ್ತಿ ತೆಗೆದಳು. ಕೈ ಮಾತ್ರ ತಾಗಿಸಲಿಲ್ಲ.

ಮನೆಗೆ ಬಂದು ಅದೇ ಅರಿವೆಯ ಇನ್ನೊಂದು ತುಂಡನ್ನು ಮರ್ದಾನಸಾಬನ ಹಂಡೆಯಲ್ಲಿ ಅದ್ದಿಸಿ, ಎರಡನ್ನೂ ಮಾಳಿಗೆಯ ಮೇಲೆ ಬಿಸಿಲಿಗೆ ಹರವಿದಳು. ಭರಣಿಯನ್ನು ಅಲುಗದಂತೆ ಗೂಡಿನಲ್ಲಿಟ್ಟಳು. ಸೀಸೆಯನ್ನು ಮೊದಲ ಬಸ್ಸಿಗೆ ದವಾಖಾನೆಯ ಹಳೆಯ ಡಾಕ್ಟರರಿಗೆ ಕಳಿಸಿದಳು.

ಊರಿಗಿದ್ದದ್ದು ಒಂದೇ ಬೋರಿನ ಪಂಪು, ಅದೂ ಮನುಷ್ಯರಿಗೇ ಸಾಲದು. ಆ ನಾಲ್ಕು ದಿನ ದನಗಳಿಗೆ ಅರ್ಧರ್ಧ ಬಕೆಟ್ ಕುಡಿಸಿದರು. "ಪಡುವಣ ದಂಡಿಗೆ ಹೊಡೀರಿ" ಎಂದು ಅನ್ನಪೂರ್ಣವ್ವ ಹೇಳಿದರೆ, "ವಿಷ ಕಲಸೋ ಕಲ್ಲಿನ ಕಡೆಗೇನು?" ಎಂದು ನಕ್ಕರು. ದನಗಳ ಕೂಗು ಜನ್ನತಬಿಯ ಎದೆಯನ್ನು ಗರಗಸದಂತೆ ಕೊಯ್ಯುತ್ತಿತ್ತು.

ಐತವಾರ ಮುಂಜಾನೆ ಚಾವಡಿಯ ಮುಂದೆ ಊರು ಕೂಡಿತು. ದೊಡ್ಡ ಹಾಸು ಹಾಸಿದ್ದರು. ಮುದಕಪ್ಪಗೌಡರ ಕಣ್ಣು ಕೆಂಪಾಗಿದ್ದವು. ಎತ್ತಿನ ಕೊರಳ ಗಂಟೆಯನ್ನು ಕೈಯಲ್ಲೇ ಹಿಡಿದು ಕೂತಿದ್ದರು. ಮರ್ದಾನಸಾಬ ಹಾಸಿನ ಆಚೆ, ಬರೀ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ.

"ಗೌಡ್ರ," ಅನ್ನಪೂರ್ಣವ್ವ ಎದ್ದು ನಿಂತಳು, "ಮರ್ದಾನನ ಬಣ್ಣದಾಗ ವಿಷ ಇದ್ರ ಮೊದಲ ಸಾಯಬೇಕಾದವು ಯಾವು?"

"ಹೇಳು."

"ಅವನ ಆಡು. ಕಲ್ಲಿನ ಬುಡದಾಗ ದಿನಾ ಕುಡೀತಾವು. ಇವತ್ತೂ ಜಿಗದಾಡತಾವು."

ಎರಡು ಅರಿವೆ ತುಂಡುಗಳನ್ನು ಎತ್ತಿ ಹಿಡಿದಳು. "ಇದು ಹಂಡೆದ್ದು. ನಾಕು ದಿನದ ಬಿಸಿಲಿಗೂ ಹಂಗ ಐತಿ. ಇದು ದಂಡಿದ್ದು, ಬುಧವಾರ ಇದರಕಿಂತ ಕಡುನೀಲಿ ಇತ್ತು. ಈಗ ನೋಡ್ರಿ, ಹೊಲಸು ನೀರಿನ ಕಲಿ ಅಷ್ಟ. ಎರಡೂ ಒಂದ ಬಣ್ಣ ಆಗಿದ್ರ ಒಂದು ಉಳದು ಒಂದು ಯಾಕ ಹೋತು?"

ಆಮೇಲೆ ಭರಣಿ ಬಂತು. ಕೆಳಗೆಲ್ಲ ನೀರು ತಿಳಿ. ಮೇಲೆ ಎರಡು ಬೆರಳು ದಪ್ಪ ಹಸಿರು.

"ಬಣ್ಣ ಆಗಿದ್ರ ನೀರಾಗ ಕರಗತಿತ್ತು. ಕೆಸರಾಗಿದ್ರ ತಳಕ್ಕ ಕೂಡತಿತ್ತು. ಇದು ತಾನ ತೇಲಿ ಮ್ಯಾಲ ಬಂತು. ಇದು ಜೀವ ಇರೋದು. ನೀಲಿ ಹಸಿರು ಪಾಚಿ. ಸತ್ತು ಒಣಗಿದಾಗ ನೀಲಿ ಬಿಡತೈತಿ. ಗಾಳಿ ಎತ್ತಾಗ ನೂಕತೈತಿ ಅತ್ತಾಗ ಹೋಗಿ ಕೆನಿ ಕಟ್ಟತೈತಿ. ಪಡುವಣ ಗಾಳಿ ಮೂಡಣ ದಂಡಿಗೆ ತಂದು ಕೂಡಿಸ್ತು, ನಿಮ್ಮ ಎತ್ತು ಅದನ್ನ ಕುಡದ್ವು." ಸೆರಗಿನ ಗಂಟಿನಿಂದ ಕಾಗದ ತೆಗೆದಳು. "ಡಾಕ್ಟರು ಸಣ್ಣದ್ದನ್ನ ದೊಡ್ಡದು ಮಾಡೋ ದುರ್ಬೀನಿನಾಗ ನೋಡಿ ಬರದಾರ. ಈ ಜಾತಿ ಪಾಚಿಯೊಳಗ ವಿಷ ಇರತೈತಿ. ಕುಡದ ದನಕ್ಕ ಮದ್ದಿಲ್ಲ."

ಜನ್ನತಬಿ ಗಂಡನ ಕಡೆ ನೋಡಿದಳು. ಅವನು ನೀಲಿ ಕೈಗಳಲ್ಲಿ ಮುಖ ಮುಚ್ಚಿಕೊಂಡಿದ್ದ.

ಗೌಡರು ಕೈಯಲ್ಲಿದ್ದ ಗಂಟೆಯನ್ನು ಕೆಳಗಿಟ್ಟರು. "ಅಂದ್ರ ನಾ ಯಾರನ್ನ ಹೊಡೀಲಿ, ಅನ್ನಪೂರ್ಣವ್ವ?"

"ಅದನ್ನ ಹೇಳಾಕ ನನಗೂ ಬಾಯಿ ಬರವಲ್ದು. ಪಾಚಿ ಯಾವ ಕೆರ್‍ಯಾಗ ಇರೂದಿಲ್ಲ? ಆದ್ರ ಇಷ್ಟು ಉಬ್ಬಬೇಕಾದ್ರ ಅದಕ್ಕ ಉಣ್ಣಾಕ ಹಾಕಿದವರು ಬೇಕು. ಪೈರಿಗೆ ಹಾಕಿದ್ರ ಪೈರು ಬೆಳೀತೈತಿ. ಕೆರಿಗೆ ಹಾಕಿದ್ರ ಏನು ಬೆಳೀಬೇಕು?" ಅವಳು ಬೆರಳು ಕೆಳಗೆ ಮಾಡಿದಳು. "ನೀವು ಕುಂತದ್ದು ಏನದು?"

ಎಲ್ಲರೂ ಬಗ್ಗಿ ನೋಡಿದರು. ಗೊಬ್ಬರದ ಚೀಲದ ಹಾಸು. ಅದರ ಒಂದೊಂದು ಹೊಲಿಗೆಯನ್ನೂ ಜನ್ನತಬಿ ಬಲ್ಲಳು.

"ಹಂಗಾರ ತಪ್ಪು ಇಕೀದ!" ಹನಮಂತವ್ವ ಕೂಗಿದಳು.

"ಹೊಲಿದಾಕಿ ಒಬ್ಬಾಕಿ. ತೊಳದವರು? ನೀ ಬುಧವಾರ ಹನ್ನೆರಡು ಚೀಲ ಅದ್ದಿ ತೊಳದಿ, ಒಂದೊಂದು ಮೂರು ಸಲ. ನಾನೂ ಏಳು ತೊಳದೀನಿ. ಎರಡು ವರ್ಷ ಊರಿಗೂರ ತೊಳದೈತಿ. ಹೊಲದಾಗಿನ ಗೊಬ್ಬರ ಮಳ್ಯಾಗ ಹರದು ಬಂದದ್ದು ಬ್ಯಾರೆ, ದನದ ಸಗಣಿ ಬ್ಯಾರೆ. ಯಾರ ಕೈಗೆ ಬೇಡಿ ಹಾಕ್ತೀರಿ, ಹಾಕ್ರಿ."

ಹನಮಂತವ್ವ ಕೂತಲ್ಲೇ ಹಾಸಿನಿಂದ ನೆಲಕ್ಕೆ ಸರಿದಳು. ಗೌಡರು ಕೇಳಿದರು, "ಇನ್ನ ತೊಳೀದಿದ್ರ ಸಾಕೇನು?"

"ಹೊಟ್ಟಿಗೆ ಹೋದದ್ದು ಹೋತಲ್ರೀ. ಇದು ಎಂದು ಇಳೀತೈತೋ ಡಾಕ್ಟರಿಗೂ ಗೊತ್ತಿಲ್ಲ. ಗಾಳಿ ನೋಡಿ, ತಿಳಿ ಇದ್ದ ದಂಡ್ಯಾಗ ಕುಡಸ್ರಿ. ಬ್ಯಾರೆ ದಾರಿ ನನಗೂ ಕಾಣವಲ್ದು."

ಮರ್ದಾನಸಾಬ ಊರು ಬಿಡಲಿಲ್ಲ. ಮರುದಿನ ನೀಲಿ ನೂಲಿನ ಒಂದು ಲಡಿ ತಂದು, ಕೆರೆಯ ಒಡ್ಡಿನ ಮೇಲೆ ಬಿದಿರಿನ ಗಳ ನೆಟ್ಟು ಅದಕ್ಕೆ ಕಟ್ಟಿದ. ಲಡಿ ಹಾರಿದ ದಿಕ್ಕಿನ ದಂಡೆ ಬಿಟ್ಟು ಎದುರಿನದಕ್ಕೆ ದನ ಹೊಡೆಯುವುದು ರೂಢಿಯಾಯಿತು. ಮಹಾನವಮಿಯ ಹೊತ್ತಿಗೆ ಮೂಡಗಾಳಿ ಎದ್ದಿತು; ಹಸಿರು ಪಡುವಣಕ್ಕೆ ತಿರುಗಿತು, ದನಗಳು ಮೂಡಣಕ್ಕೆ. ಒಂದೂ ಸಾಯಲಿಲ್ಲ.

ಶೀಗಿಹುಣ್ಣಿಮೆ ಮುಗಿದು ಮೂರನೆಯ ಮುಂಜಾನೆ ಜನ್ನತಬಿ ಒಡ್ಡಿನ ಮೇಲೆ ಬಂದಾಗ ಊರ ದನವೆಲ್ಲ ಅಲ್ಲೇ ತಡೆದು ನಿಂತಿದ್ದವು. ಗಾಳಿ ಸತ್ತುಹೋಗಿತ್ತು. ಕೆರೆ ದಂಡೆಯಿಂದ ದಂಡೆಗೆ ಒಂದೇ ಹಸಿರು. ಬಾಯಾರಿದ ದನಗಳು ಹಗ್ಗ ಜಗ್ಗಿ ಒರಲುತ್ತಿದ್ದವು. ಅನ್ನಪೂರ್ಣವ್ವ ಒಡ್ಡಿನ ಕಲ್ಲಿನ ಮೇಲೆ ಕೂತಿದ್ದಳು. ಜನ್ನತಬಿ ಹೋಗಿ ಅವಳ ಮಗ್ಗುಲಲ್ಲಿ ಕೂತಳು.

"ಮರ್ದಾನಾ," ಗೌಡರು ಹೊಸ ಹೋರಿಯ ಮೂಗುದಾರ ಎರಡೂ ಕೈಯಲ್ಲಿ ಹಿಡಿದು ಕೂಗಿದರು, "ಲಡಿ ಅಲಗಿತೇನೋ?"

ಗಳದ ಬುಡದಲ್ಲಿದ್ದ ಮರ್ದಾನಸಾಬ ಕತ್ತೆತ್ತಿ ನೋಡಿದ.

"ಇಲ್ಲರಿ ಗೌಡ್ರ. ಇನ್ನೂ ಇಲ್ಲ."