ನೊಗ ಹೂಡದ ದಿನ

2024ರ ಸೆಪ್ಟೆಂಬರ್ 12, ಗುರುವಾರ, ಸಂತೆಯ ದಿನ. ಬೆಳಿಗ್ಗೆ 11.10ಕ್ಕೆ ಯಾವಗಲ್ಲಿನ ರೈತ ಮುತ್ತಣ್ಣ ಕಾಯಿಪಲ್ಲೆ ಚೀಲದ ಸಮೇತ ಠಾಣೆಯ ಮೆಟ್ಟಿಲು ಹತ್ತಿದ. ಅವನ ಎತ್ತಿನ ಹಿಂಗಾಲಿನ ನರವನ್ನು ಯಾರೋ ಕುಡುಗೋಲಿನಿಂದ ಕೊಯ್ದಿದ್ದರು. ಎತ್ತು ಸತ್ತಿರಲಿಲ್ಲ. ಏಳಲು ಹೋಗುವುದು, ಬೀಳುವುದು, ಅಷ್ಟೇ ಅದಕ್ಕೆ ಉಳಿದ ಕೆಲಸ.

ಆ ಊರಿನಿಂದ ಮೂರು ವಾರದಲ್ಲಿ ಇದು ಮೂರನೆಯ ಎಫ್‌ಐಆರ್.

ತಾಲೂಕಿನ ಅಪರಾಧಗಳನ್ನು ಕಂಪ್ಯೂಟರಿನಲ್ಲಿ ನಕ್ಷೆ ಮಾಡುವುದು ಕಾನ್‌ಸ್ಟೇಬಲ್ ಮುನೀರಾಳ ಕೆಲಸ. ಊರಿಗೊಂದು ಚುಕ್ಕೆ, ವಾರದ ದಿನಕ್ಕೊಂದು ಕಂಬ. ಪಿಎಸ್‌ಐ ಶಿವನಪ್ಪ ಪರದೆಗೆ ಬಾಗಿದರು. ಮೂರೂ ಪ್ರಕರಣ ಗುರುವಾರದ ಕಂಬದಲ್ಲಿ ಕೆಂಪಗೆ ನಿಂತಿದ್ದವು.

“ಗುರುವಾರ ನಿಮ್ಮೂರಿಗೆ ಬರಾವ ಯಾರೋ?”

“ದನದ ದಲಾಲಿ ತೋಟಪ್ಪರಿ,” ಎಂದ ಮುತ್ತಣ್ಣ. “ಕುಂಟ ಎತ್ತು ಅಗ್ಗಕ್ಕ ಹೊಡ್ಕೊಂಡು ಹೋಗತಾನ.”

ಸಂಜೆಯೊಳಗೆ ತೋಟಪ್ಪನನ್ನು ತಂದರು. ಅರವತ್ತು ದಾಟಿದ ಮುದುಕ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಶುಕ್ರವಾರ ಬೆಳಗಾಗುವಷ್ಟರಲ್ಲಿ ಲಾಠಿ ಏಟಿಗೆ ಅವನ ಎರಡೂ ಅಂಗೈ ಬಾತಿದ್ದವು. ಮುನೀರಾ ನೀರು ಕೊಟ್ಟಳು; ಲೋಟ ಹಿಡಿಯಲಾಗಲಿಲ್ಲ.

“ನಾನ ಕೊಯ್ದೇನಂತ ನಿನ್ನ ಡಬ್ಬಿ ಹೇಳಿತಂತಲ್ಲವ್ವಾ. ಅದಕ್ಕ ಕಣ್ಣದಾವೇನು?”

ಸಂಜೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವುದಿತ್ತು. ಅದಕ್ಕೂ ಮೊದಲು ಯಾವಗಲ್ಲಿಗೆ ಹೊರಟ ಜೀಪನ್ನು ಮುನೀರಾಳೂ ಹತ್ತಿದಳು.

ಮಧ್ಯಾಹ್ನ 12.40ಕ್ಕೆ ಮುತ್ತಣ್ಣನ ಕೊಟ್ಟಿಗೆಯಲ್ಲಿ ಪಂಚನಾಮೆ. ಗಾಯದ ತುಂಬ ಬಿಳಿ ಹುಳ ಗಿಜಿಗುಡುತ್ತಿದ್ದವು. ಮುನೀರಾ ಮುತ್ತಣ್ಣನ ಕಡೆ ತಿರುಗಿದಳು.

“ಒಂದ ದಿನದ ಗಾಯಕ್ಕ ಇಷ್ಟು ಹುಳ ಹ್ಯಾಂಗ್ರಿ? ಖರೇ ಹೇಳ್ರಿ, ಕೊಯ್ದದ್ದು ಯಾವತ್ತು?”

“ಸೋಮವಾರರಿ.”

“ಮತ್ತ ಗುರುವಾರ ಬಂದೀರಿ?”

“ಸಂತಿಗೆ ಹೆಂಗೂ ಬರತೇವಲ್ರಿ ಬಾಯಾರ. ಬ್ಯಾರೆ ಬಸ್ ಚಾರ್ಜ್ ಯಾಕ?”

“ತೋಟಪ್ಪನ ಹೆಸರು ಯಾಕ ಹೇಳಿದ್ರಿ?”

“ಗುರುವಾರ ಬರಾವ ಯಾರಂತ ಸಾಹೇಬ್ರು ಕೇಳಿದ್ರು. ಹೇಳಿದೆ.”

ಉಳಿದ ಇಬ್ಬರು ದೂರುದಾರರದೂ ಇದೇ ಮಾತು. ಮುನೀರಾ ನಕ್ಷೆಗೆ ಏರಿಸಿದ್ದು ದೂರು ಬಂದ ದಿನವನ್ನು, ಕೃತ್ಯ ನಡೆದ ದಿನವನ್ನಲ್ಲ. ಸೋಮವಾರ ಬಸವಣ್ಣನ ವಾರ. ಅಂದು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಮೈ ತೊಳೆದು ಮನೆಯಲ್ಲೇ ಕಟ್ಟುತ್ತಾರೆ.

“ಮೈ ತೊಳಿಯಾವ ಯಾರು?”

“ಮೂರೂ ಮನಿಗೆ ಒಬ್ಬನ ಆಳು, ಮೈಲಾರಿರಿ. ಬ್ಯಾರೆಯವ್ರು ಕಾಲು ಮುಟ್ಟಿದ್ರ ಒದೀತಾವು.”

3.20ಕ್ಕೆ ಹೊಲದ ಗುಡಿಸಲಿನಲ್ಲಿ ಮೈಲಾರಿಯನ್ನು ಬಂಧಿಸಿದರು. ಅವನು ಓಡಲಿಲ್ಲ. ಚಪ್ಪರದಲ್ಲಿ ಸಿಕ್ಕಿಸಿದ್ದ ಕುಡುಗೋಲನ್ನು ತಾನೇ ತೆಗೆದುಕೊಟ್ಟ. ಠಾಣೆಯಲ್ಲಿ ತೋಟಪ್ಪನನ್ನು ಬಿಟ್ಟರು. ಸಹಿ ಮಾಡಲು ಬೆರಳು ಮಡಚಲಾಗದೆ ಹೆಬ್ಬೆಟ್ಟು ಒತ್ತಿ ಹೋದ.

ಮೈಲಾರಿಯ ಹೇಳಿಕೆಯನ್ನು ಮುನೀರಾಳೇ ಬರೆದುಕೊಂಡಳು. ಜುಲೈ 29, ಸೋಮವಾರ. ಅವನ ಹೆಂಡತಿ ನೀಲಾಳಿಗೆ ಗುಡಿಸಲಿನಲ್ಲಿ ಹೆರಿಗೆ ನೋವು. ಮಳೆಗೆ ಎರೆ ಹೊಲ ಕೆಸರಾಗಿ ಆಂಬುಲೆನ್ಸ್ ಡಾಂಬರು ರಸ್ತೆಯಲ್ಲೇ ನಿಂತಿತ್ತು. ಆ ಕೆಸರಿನಲ್ಲಿ ನಡೆಯುವುದು ಎತ್ತಿನ ಚಕ್ಕಡಿ ಒಂದೇ. ಮೈಲಾರಿ ಮೂರೂ ಮನೆಯವರ ಕಾಲು ಹಿಡಿದಿದ್ದ.

“ಸೋಮವಾರ ಎತ್ತು ಹೂಡಂಗಿಲ್ಲೋ ಅಂದ್ರು. ಆಕೀನ್ನ ಹೊತ್ಕೊಂಡು ನಡದೆ. ಅರ್ಧ ಹೊಲದಾಗ ತಾಯಿ ಕೂಸು ಎರಡೂ ಹೋದವು.”

“ಆಮೇಲೆ?”

“ಮುಂದಿನ ಸೋಮವಾರ ಮುತ್ತಣ್ಣಾರು ಹೇಳಿ ಕಳಿಸಿದ್ರು, ಎತ್ತಿನ ಮೈ ತೊಳಿಯಾಕ ಲಗೂ ಬಾ ಅಂತ.”