ಹಿಂದಿನ ಸೀಟಿನ ಬೆಲ್ಟ್

ಚೆನ್ನೈನಿಂದ ಹೊರಡುವ ಹಡಗಿನ ಪ್ರವಾಸಕ್ಕೆ ಹೋಗುವಾಗ ನಾನೂ ನನ್ನ ಹೆಂಡತಿ ಶುಭಾಳೂ ಕಾರನ್ನು ನಮ್ಮೂರಿನ ಮಂಡಕಳ್ಳಿ ವಿಮಾನ ನಿಲ್ದಾಣದ ಹತ್ತಿರ ಒಂದು ಖಾಸಗಿ ಪಾರ್ಕಿಂಗ್‌ನಲ್ಲಿ ಬಿಟ್ಟಿದ್ದೆವು. ವಾಪಸು ಬಂದಾಗ ಸುಡು ಮಧ್ಯಾಹ್ನ. ಬಾಗಿಲು ತೆಗೆದರೆ ಒಳಗೆ ತಣ್ಣಗಿತ್ತು, ಒದ್ದೆ ಕೂದಲಿನ ವಾಸನೆ.

“ನಿಮ್ ತಾಯೋರು ಊಟಕ್ಕೆ ಕರುದ್ರೂ ಇಳೀಲೇ ಇಲ್ಲ ಸಾ,” ಎಂದ ಕಾವಲುಗಾರ ಮರಿಯಯ್ಯ.

ನಾವು ಬಿಟ್ಟುಹೋಗಿದ್ದು ಖಾಲಿ ಕಾರು.

“ಕುಡ್ದಿದಾನೆ ಕಣ್ರೀ, ನಡೀರಿ,” ಎಂದಳು ಶುಭಾ.

ಹೊರಟ ಕೂಡಲೇ, ಹಿಂದಿನ ಸೀಟಿನವರು ಬೆಲ್ಟ್ ಹಾಕಿಲ್ಲವೆಂದು ಕಾರು ಬೀಪ್ ಬೀಪ್ ಎನ್ನತೊಡಗಿತು. ಅಲ್ಲಿ ಒಂದು ಚೀಲವೂ ಇರಲಿಲ್ಲ. ಕೊನೆಗೆ ಕಾರು ನಿಲ್ಲಿಸಿ ಆ ಖಾಲಿ ಸೀಟಿಗೆ ಬೆಲ್ಟ್ ಹಾಕಿದೆ. ಸದ್ದು ನಿಂತಿತು. ಸೀಟು ಮಾತ್ರ ಬೆಚ್ಚಗಿತ್ತು.

ಚಾಮರಾಜಪುರಂನಲ್ಲಿ ಮನೆ ಮುಂದೆ ಎಂಜಿನ್ ಆರಿಸಿದೆ. ನಾವಿಬ್ಬರೂ ಇನ್ನೂ ಅಲುಗಾಡಿರಲಿಲ್ಲ. ಹಿಂದೆ ಬೆಲ್ಟ್ ಬಿಚ್ಚಿದ ಸದ್ದಾಯಿತು.